ಶ್ಯಾಮರಾಯರ ಕಂಪ್ಯೂಟರು

ಮೂರನೆಯ ಸಲವೂ ಕಂಪ್ಯೂಟರಿನ ಗುಂಡಿ ಒತ್ತಿದ್ದಾಯಿತು. ದೀಪ ಹತ್ತಲಿಲ್ಲ, ಫ್ಯಾನ್ ತಿರುಗಲಿಲ್ಲ. ರಾಜೀವ ಬೆಂಕಿ ಮುಟ್ಟಿದವನಂತೆ ಬೆರಳನ್ನು ಹಿಂದಕ್ಕೆಳೆದುಕೊಂಡ.

“ಗ್ವಾಡಿ ಪ್ಲಗ್ಗಿನಾಗ ಕರೆಂಟ್ ಅದರಿ, ಸಾಹೇಬ್ರ,” ಎಂದ ಫಕೀರಪ್ಪ, ಟೆಸ್ಟರನ್ನು ಜೇಬಿಗೆ ಸೇರಿಸುತ್ತ. “ವೈರೂ ಬರೋಬರಿ ಅದ.”

ಸದಾಶಿವ ಪೇಠದ ಆ ಮೂರನೆಯ ಮಹಡಿಯ ಮನೆಯಲ್ಲಿ ಅಂದು ಹನ್ನೆರಡನೆಯ ದಿನ. ಮರುದಿನ ವೈಕುಂಠ ಸಮಾರಾಧನೆ. ತೀರಿಕೊಂಡ ಶ್ಯಾಮರಾಯರ ಒಂದೇ ಒಂದು ಒಳ್ಳೆಯ ಫೋಟೋ ಇದ್ದದ್ದು ಅವರ ಕಂಪ್ಯೂಟರಿನಲ್ಲಿ. ಅದಕ್ಕೆ ಕಟ್ಟು ಹಾಕಿಸಬೇಕಿತ್ತು. ಆ ಮರಾಠಿ ಓಣಿಯಲ್ಲಿ ನಾಲ್ವರು ರಿಪೇರಿಯವರಿದ್ದರೂ ಕನ್ನಡ ಮಾತಾಡುವವನು ಫಕೀರಪ್ಪ ಒಬ್ಬನೇ ಎಂದು ರಾಯರ ಹೆಂಡತಿ ಗಂಗೂಬಾಯಿಯೇ ಫೋನ್ ಮಾಡಿ ಕರೆಸಿದ್ದರು.

ಫೋಟೋ ಒಂದು ನೆಪ. ಮಗ ರಾಜೀವನನ್ನು ಕಾಡುತ್ತಿದ್ದುದು ಬೇರೆ. ಹತ್ತನೆಯ ದಿನ ನದಿಯ ಘಾಟಿನಲ್ಲಿ ಕಾಗೆ ತಂದೆಯ ಪಿಂಡವನ್ನು ಮುಟ್ಟಿರಲಿಲ್ಲ. ಮರದ ತುಂಬ ಕಾಗೆಗಳು. ಪಕ್ಕದವರ ಪಿಂಡ ತಿಂದು ಹಾರಿಹೋದವು. ಹೋದವರಿಗೆ ಏನೋ ಆಸೆ ಉಳಿದಿದೆ, ಕೈಮುಗಿದು ನಡೆಸಿಕೊಡುವ ಮಾತು ಕೊಡು ಎಂದರು ಕರ್ಮ ಮಾಡಿಸುತ್ತಿದ್ದ ಆಚಾರ್ಯರು. ರಾಜೀವ ನಾಲ್ಕು ಮಾತು ಕೊಟ್ಟ. ಒಂದನ್ನು ಮಾತ್ರ ನುಂಗಿಕೊಂಡ. ಎರಡು ತಾಸು ಬಿಸಿಲಲ್ಲಿ ಕಾದು, ಕೊನೆಗೆ ದರ್ಭೆಯ ಕಾಗೆ ಮಾಡಿ ಮುಟ್ಟಿಸಿ ಮನೆಗೆ ಬಂದರು.

ಅದೇ ಸಂಜೆ ಫೋಟೋ ಹುಡುಕಲು ಕುಳಿತರೆ ಕಂಪ್ಯೂಟರ್ ಏಳಲಿಲ್ಲ. ಮರುದಿನ ನಸುಕಿನಲ್ಲಿ ಆ ಕೋಣೆಯಿಂದ ಕೀಬೋರ್ಡ್ ಬಡಿದ ಸದ್ದು. ರಾಜೀವ ಓಡಿಹೋಗಿ ನೋಡಿದರೆ ತಾಯಿ ಆಗಲೇ ಅಲ್ಲಿ ನಿಂತಿದ್ದರು. ತನಗೂ ಕೇಳಿಸಿತು ಎಂದರು.

ನುಂಗಿಕೊಂಡ ಆ ಮಾತು ಕೇತಕಿಗೆ ಸೇರಿದ್ದು. ಕೇತಕಿ ರಾಜೀವನ ಅಣ್ಣ ಅಭಿಲಾಷನ ಹೆಂಡತಿ. ಅಭಿಲಾಷ ತೀರಿಹೋಗಿ ಐದು ವರ್ಷ. ಈಗ ಅವಳಿಗೆ ಕಾತ್ರಜದ ಸಾತ್ವಿಕನೊಡನೆ ಮದುವೆ ಗೊತ್ತಾಗಿತ್ತು; ಗೊತ್ತು ಮಾಡಿದವರು ಶ್ಯಾಮರಾಯರೇ. ಏಳು ವರ್ಷದ ಮೊಮ್ಮಗಳು ತನುಶ್ರೀ ತಾಯಿಯ ಜೊತೆಗೇ ಹೋಗಬೇಕೆಂದೂ ಹೇಳಿದ್ದರು. ಅವರು ಕಣ್ಣು ಮುಚ್ಚಿದ ನಾಲ್ಕನೆಯ ದಿನವೇ ರಾಜೀವ ಅದನ್ನು ತಳ್ಳಿಹಾಕಿದ. ವೈನಿ ಬೇಕಾದರೆ ಹೋಗಲಿ, ಹುಡುಗಿ ಈ ಮನೆಯದು ಎಂದ. ಕೆಟ್ಟವನಲ್ಲ ಅವನು. ಅಣ್ಣನದೆಂದು ಉಳಿದದ್ದು ಅವಳೊಬ್ಬಳೇ, ಬಿಡಲು ಜೀವ ಒಪ್ಪಲಿಲ್ಲ. ಮಗಳನ್ನು ಬಿಟ್ಟಿರಲಾರದ ಕೇತಕಿ ಮದುವೆಯೇ ಬೇಡವೆಂದು ಸಾತ್ವಿಕನಿಗೆ ಹೇಳುವುದರಲ್ಲಿದ್ದಳು. ಗಂಗೂಬಾಯಿ ತುಟಿ ಪಿಟ್ಟೆನ್ನಲಿಲ್ಲ. ನಲವತ್ತೈದು ವರ್ಷ ಗಂಡನಿಗೆ ಎದುರಾಡದವರು ಮಗನಿಗೆ ಎದುರಾಡುತ್ತಾರೆಯೇ?

ಫಕೀರಪ್ಪ ಕಂಪ್ಯೂಟರ್ ಡಬ್ಬಿಯ ಪಕ್ಕದ ತಗಡು ಬಿಚ್ಚಿದ. ಒಳಗೆ ಧೂಳೇ ಇರಲಿಲ್ಲ. ಆಯುಧಪೂಜೆಯ ಖಂಡೇನವಮಿ ಬಂತೆಂದರೆ ರಾಯರು ಅದನ್ನು ಬಿಚ್ಚಿಕೊಡುವುದು, ಗಂಗೂಬಾಯಿ ಬ್ರಷ್ ಹಿಡಿದು ಸಂದುಗೊಂದೆಲ್ಲ ಝಾಡಿಸಿ ಅರಿಸಿನ-ಕುಂಕುಮ ಇಡುವುದು ಆ ಮನೆಯ ಪದ್ಧತಿ. ಫಕೀರಪ್ಪ ಕರೆಂಟ್ ಕೊಡುವ ಪೆಟ್ಟಿಗೆಯನ್ನು ಬೇರೆ ಮಾಡಿ, ಅದರ ಹಸಿರು ವೈರಿಗೂ ಕರಿ ವೈರಿಗೂ ಒಂದು ತುಂಡು ತಂತಿ ತಾಗಿಸಿದ. ಪೆಟ್ಟಿಗೆಯ ಫ್ಯಾನ್ ಗರ್ರನೆ ತಿರುಗಿತು. ರ್‍ಯಾಮ್ ಪಟ್ಟಿಯನ್ನು ತೆಗೆದು ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದ. ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದರೆ ಮತ್ತದೇ ಮೌನ.

“ಸಾಮಾನ ಒಂದೂ ಕೆಟ್ಟಿಲ್ರಿ,” ಎಂದ. “ಏಳವಲ್ದು, ಅಷ್ಟ.”

ರಾಜೀವ ಅಡುಗೆಮನೆಯ ಬಾಗಿಲಲ್ಲಿದ್ದ ಕೇತಕಿಯ ಕಡೆ ತಿರುಗಿದ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು ಅವಳು. “ನೀವೇನರ ಮುಟ್ಟಿದ್ರೇನ, ವೈನಿ?”

“ಮಾವನೋರು ಹೋದಮ್ಯಾಲೆ ಈ ಖೋಲಿಗೆ ಕಾಲs ಇಟ್ಟಿಲ್ಲ ನಾ,” ಎಂದಳು ಕೇತಕಿ. ಸುಳ್ಳು ಹೇಳುವ ಮುಖವಲ್ಲ ಅದು. ಅತ್ತು ಅತ್ತು ಊದಿಕೊಂಡಿತ್ತು.

ಆಗ ಗಂಗೂಬಾಯಿ ಬಾಯಿ ತೆರೆದರು. “ಅವತ್ತ ಘಾಟಿನಾಗ ಕೈ ಮುಗದ್ಹಂಗ ಇಲ್ಲೂ ಮುಗದು ನೋಡು, ರಾಜು.”

ರಾಜೀವ ನಗಬೇಕಿತ್ತು. ನಗಲಿಲ್ಲ. ತಾನು ಒಳಗೆ ನೋಡುತ್ತಿರುತ್ತೇನೆ, ಗುಂಡಿ ನೀವೇ ಒತ್ತಿ ಎಂದು ಫಕೀರಪ್ಪ ಟಾರ್ಚ್ ಹಿಡಿದು, ಇನ್ನೊಂದು ಕೈಯನ್ನು ಡಬ್ಬಿಯೊಳಗಿಟ್ಟು ಬಗ್ಗಿದ. ಅವ್ವನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು ಹೇಳಿ ರಾಜೀವ ಒತ್ತಿದ. ಸದ್ದಿಲ್ಲ. ನೀವು ಕನ್ನಡಕ್ಕೆ ತಂದ ಅಭಂಗಗಳನ್ನು ಅಚ್ಚು ಹಾಕಿಸುತ್ತೇನೆ ಎಂದು ಒತ್ತಿದ. ಸದ್ದಿಲ್ಲ. ಗಯೆಗೆ ಹೋಗಿ ಬರುತ್ತೇನೆ ಎಂದ. ಅದಕ್ಕೂ ಇಲ್ಲ.

ಕೆಳಗೆ ಓಣಿಯಲ್ಲಿ ರಿಕ್ಷಾಗಳು ಹಾರ್ನ್ ಹೊಡೆಯುತ್ತಿದ್ದವು. ರಾಜೀವನ ಹಣೆ ಬೆವರಿತು. ತಂದೆಯ ಖಾಲಿ ಕುರ್ಚಿಯನ್ನು ನೋಡಿದ; ಅಲ್ಲಿ ಅವರು ಕುಳಿತೇ ಇದ್ದಾರೆ ಅನ್ನಿಸಿ ನಿಜವಾಗಿಯೂ ಹೆದರಿದ.

“ಅಪ್ಪಾ,” ಎಂದ. “ತನು ಅವರವ್ವನ ಜೋಡಿನ ಹೋಗ್ಲಿ. ನಾ ಅಡ್ಡ ಬರೂದಿಲ್ಲ. ನಾನs ನಿಂತು ಧಾರಿ ಎರದು ಕೊಡ್ತೀನಿ.”

ಒತ್ತಿದ.

ನೀಲಿ ದೀಪ ಹತ್ತಿತು. ಫ್ಯಾನ್ ತಿರುಗಿತು. ಪರದೆ ಬೆಳಗಿ, ರಾಯರು ಅರ್ಧಕ್ಕೆ ಬಿಟ್ಟ ಅಭಂಗಗಳ ಕಡತದ ಹೆಸರು ಕಾಣಿಸಿತು. ಕೇತಕಿ ಕೋಣೆಯೊಳಗೆ ಬಂದು ಕುರ್ಚಿಗೆ ಕೈಮುಗಿದಳು. ರಾಜೀವ ಕುರ್ಚಿಯ ಕಾಲ ಬಳಿ ತಲೆಯಿಟ್ಟು ಚಿಕ್ಕ ಮಗುವಿನಂತೆ ಅತ್ತ. ಆಮೇಲೆ ಕಣ್ಣೊರೆಸಿಕೊಂಡು, ಯಾರೂ ಹೇಳದೆಯೇ, ಸಾತ್ವಿಕನಿಗೆ ಫೋನ್ ಮಾಡಲು ಬಾಲ್ಕನಿಗೆ ಹೋದ.

ಫಕೀರಪ್ಪ ಸ್ಕ್ರೂ ಬಿಗಿದು ಚೀಲ ಹೆಗಲಿಗೇರಿಸಿದ. ಮೆಟ್ಟಿಲ ತನಕ ಕಳಿಸಲು ಬಂದ ಗಂಗೂಬಾಯಿ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡರು.

“ಆ ಗುಂಡಿ ವೈರ್ ಕಿತ್ತಾಕಿ ನಾನs ಅಂತ ರಾಜುಗ ಎಂದೂ ಗೊತ್ತಾಗಬಾರದಪಾ,” ಎಂದರು ಮೆಲ್ಲಗೆ. “ಫೋನಿನಾಗ ಮಾತು ಕೊಟ್ಹಂಗ ತನುನ ಹೆಸರು ಬರೋತನಕ ನೀ ಅದನ್ನ ಜೋಡಿಸಲಿಲ್ಲ. ನಿನ್ನ ಹೊಟ್ಟಿ ತಣ್ಣಗಿರಲಿ.”