ಮನೆಗೊಂದಾಳು

ಬೋಳುಗುಡ್ಡದಲ್ಲಿ ಮಳೆನೀರು ನಿಲ್ಲಲೆಂದು ಊರವರೇ ಸೇರಿ ಬದು ಹಾಕುತ್ತಿದ್ದರು. ಪ್ರತಿ ಸೋಮವಾರ ಮನೆಗೊಂದಾಳು ಬರಬೇಕು. ಬದುಕಿರುವವರು ಬಾರದ ಮನೆಯಿಂದ ಸತ್ತವರು ಬರುತ್ತಿದ್ದರು. ಈಗೀಗ ಅದಕ್ಕೆ ಯಾರೂ ಬೆಚ್ಚುತ್ತಿರಲಿಲ್ಲ. ಕೆಲಸ ನೋಡಿಕೊಳ್ಳುವ ಊರ ಸಂಘದ ಓಬಣ್ಣ ಅವರಿಗೂ ಒಂದು ಮಂಕರಿ ಕೊಟ್ಟು ಮಣ್ಣು ಹೊರಲು ಕಳಿಸುತ್ತಿದ್ದ. ಅವರು ಹಾಕಿದ ಬದುವಿನಲ್ಲೂ ನೀರು ಚೆನ್ನಾಗಿಯೇ ನಿಲ್ಲುತ್ತಿತ್ತು. ಆದರೆ ಮನೆಯವರು ತಡವಾಗಿ ಬಂದರೂ ಸಾಕು, ಸತ್ತವರು ಮಾಯವಾಗುತ್ತಿದ್ದರು.

ಪಾಲಮ್ಮನ ಮನೆಯಲ್ಲಿ ಅವಳೊಬ್ಬಳೇ. ಗಂಡ ಚಿತ್ತಯ್ಯ ಸತ್ತ ಮೇಲೆ ಅವಳು ಒಂದು ಸೋಮವಾರವೂ ತಪ್ಪಿಸಿರಲಿಲ್ಲ. ಇವತ್ತು ಮಾತ್ರ ಅವನನ್ನು ನೋಡುವ ಆಸೆ ತಡೆಯಲಾರದೆ, ಕೆಲಸಕ್ಕೆ ಹೋಗದೆ ಬಂಡೆಯ ಹಿಂದೆ ಅಡಗಿ ಕೂತಳು.

ಚಿತ್ತಯ್ಯ ಬಂದ. ಅದೇ ಎಡಗಾಲು ಎಳೆಯುವ ನಡಿಗೆ. ಮಂಕರಿಗೆ ಮಣ್ಣು ತುಂಬಿದವನು ಅದನ್ನು ಎತ್ತದೆ ನಿಂತುಬಿಟ್ಟ.

"ಓಬಣ್ಣ, ನಮ್ಮ ಪಾಲಿ ಯಾವಾಗ ತೀರ್ಹೋದ್ಲು?"

ಓಬಣ್ಣ ಪಾಲಮ್ಮನಿಗಾಗಿ ಸುತ್ತಲೂ ಕಣ್ಣಾಡಿಸಿದ.

"ಇವತ್ತು ಕೆಲ್ಸಕ್ಕೆ ಬಂದಿಲ್ಲ ಅಂದ್ರೆ ಹೋಗಿರ್ಬೇಕು. ಆದ್ರೆ ನಮ್ಮ ತಾವ್ಕೂ ಬರ್ಲಿಲ್ಲ ಕಣಣ್ಣ. ಎಲ್ಲೋದ್ಲು?" ಚಿತ್ತಯ್ಯನ ದನಿ ಒಡೆಯಿತು.

ಪಾಲಮ್ಮನಿಗೆ ಕೂತಿರಲಾಗಲಿಲ್ಲ. "ಇದೀನಿ! ಇಲ್ಲೇ ಇದೀನಿ!" ಎಂದು ಕೂಗುತ್ತ ಬದುವಿನತ್ತ ಓಡಿದಳು. ಅವನು ಅರ್ಧ ತಿರುಗಿದ್ದ. ಅಷ್ಟರಲ್ಲಿ ಅಲ್ಲಿ ಮಂಕರಿಯಷ್ಟೇ ಉಳಿಯಿತು.

"ನನ್ನ ನೋಡಿದ್ನಾ, ಓಬಣ್ಣ?"

"ಇನ್ಮೇಲೆ ತಪ್ಪಿಸ್ಬೇಡ ಕಣಕ್ಕ," ಎಂದು ಓಬಣ್ಣ, ಚಿತ್ತಯ್ಯ ತುಂಬಿಟ್ಟ ಮಂಕರಿಯನ್ನು ಎತ್ತಿ ಅವಳ ತಲೆಗೆ ಹೊರಿಸಿದ.