ಪೌಡರೋ ಪೇಂಟೋ

“ನಾಳೆ ಬೆಳಿಗ್ಗೆ ಟೆಂಪೋ ಬರ್ತದೆ ವೈನಿ. ಫ್ರೇಮು ಮಡಗಾಂವಿಗೆ. ಪೌಡರ್ ಕೋಟಿಂಗೇ ಮಾಡ್ಸೂದು ಅಂತ ದಾಸಣ್ಣ ಗಟ್ಟಿ ಮಾಡ್ದ.”

ವೆಲ್ಡಿಂಗ್ ಅಂಗಡಿಯ ಹುಲಿಯಾ ಹೀಗೆ ಹೇಳುವಾಗ ಮಾದೇವಿ ಸದಾಶಿವಗಡದ ತನ್ನ ಮನೆಯ ಅಂಗಳದಲ್ಲಿ ಕೂತು ತಾರ್ಲೆ ಮೀನಿಗೆ ಉಪ್ಪು ಹಾಕುತ್ತಿದ್ದಳು. ಅವಳ ಕೈ ಅಲ್ಲಿಗೇ ನಿಂತಿತು. ಹುಲಿಯಾ ಅವಳ ಗಂಡ ತುಳಸಿದಾಸನ ಗೆಳೆಯ; ಒಳ್ಳೆಯ ಸುದ್ದಿ ತಂದಿದ್ದೇನೆ ಎಂದುಕೊಂಡಿದ್ದ.

ಫ್ರೇಮು ಎದುರಿಗೇ ಕಲ್ಲುಗಳ ಮೇಲೆ ಕೂತಿತ್ತು. ಅಂಕೋಲೆಯ ಗುಜರಿಯಿಂದ ತಂದ ಹಳೇ ಜೀಪಿನದು. ಟ್ರಾಲರ್ ಓಡಿಸುವ ತುಳಸಿದಾಸ ಟೀವಿಯಲ್ಲಿ ಅಮೆರಿಕದವರ ಹಾಟ್ ರಾಡ್ ನೋಡಿ ತಾನೂ ಒಂದು ಮಾಡಲು ಹೊರಟಿದ್ದ. ಹಾಟ್ ರಾಡ್ ಅಂದರೆ ಹಳೇ ಗಾಡಿಯ ಮೈಮೇಲಿದ್ದದ್ದನ್ನೆಲ್ಲ ಕಿತ್ತು, ಇಂಜಿನ್ನು ಊರಿಗೆಲ್ಲ ಕಾಣುವಂತೆ ಇಟ್ಟು, ಜೋರಾಗಿ ಓಡಿಸುವುದು. ಕೀಳುವ ಕೆಲಸ ಪೂರ್ತಿಯಾಗಿತ್ತು. ಇದೆಂತದು ಎಂದು ಕೇಳಿದ ನೆರೆಯವರಿಗೆ ಮಾದೇವಿ ಗಾಡಿ ಎನ್ನುತ್ತಿದ್ದಳು. ಅವರು ಮತ್ತೆ ಕೇಳುತ್ತಿರಲಿಲ್ಲ.

ಅವಳಿಗೆ ಆ ಕಬ್ಬಿಣದ ಮೇಲೆ ದೇವರ ಮೇಲಿನಷ್ಟೇ ಭಕ್ತಿ. ಅದು ಅಂಗಳಕ್ಕೆ ಬರುವ ಮೊದಲು ತುಳಸಿದಾಸ ದಿನಾ ಸಂಜೆಯ ಬಸ್ಸಿಗೆ ಗಡಿ ದಾಟಿ ಗೋವಾದ ಬಾರಿಗೆ ಹೋಗುತ್ತಿದ್ದ. ಅಲ್ಲಿ ಕುಡಿಯುವುದು ಸಸ್ತ. ವಾಪಸು ಬರುವಾಗ ಕಂಡಕ್ಟರ್ ಅವನನ್ನು ಟಿಕೆಟ್ಟಿಲ್ಲದ ಲಗೇಜಿನ ಹಾಗೆ ಇಳಿಸಿ ಹೋಗುತ್ತಿದ್ದ. ಫ್ರೇಮು ಬಂದ ಮೇಲೆ ಆ ಬಸ್ಸು ಹೋಗುವ ಹೊತ್ತಿಗೆ ಅವನು ಪಾಲಿಶ್ ಪೇಪರ್ ಹಿಡಿದು ತುಕ್ಕು ತಿಕ್ಕುತ್ತಿರುತ್ತಿದ್ದ. ಕುಡಿತ ಬಿಡುತ್ತೇನೆಂದು ಅವನು ಹೇಳಿರಲಿಲ್ಲ, ಬಿಡಿ ಎಂದು ಅವಳೂ ಹೇಳಿರಲಿಲ್ಲ. ಕೈ ಖಾಲಿ ಇರಲಿಲ್ಲ, ಅಷ್ಟೇ.

ತಿಕ್ಕುವುದು ಮುಗಿದ ಮೇಲೆ ಉಳಿದದ್ದು ಒಂದೇ ಪ್ರಶ್ನೆ: ಪೇಂಟ್ ಹೊಡೆಯುವುದೋ, ಪುಡಿ ಹಾರಿಸಿ ಒಲೆಯಲ್ಲಿ ಬೇಯಿಸುವ ಪೌಡರ್ ಕೋಟಿಂಗೋ. ಅವನು ಪೇಂಟ್ ಎಂದರೆ ಮಾದೇವಿ, “ಒಂದು ಕಲ್ಲು ತಾಗಿದ್ರೆ ಎದ್ದು ಹೋಗ್ತದೆ. ಪೌಡರೇ ಗಟ್ಟಿ ಅಂತ ನೀವೇ ಹೇಳಿದ್ರಿ,” ಎನ್ನುತ್ತಿದ್ದಳು. ಪೌಡರ್ ಎಂದರೆ, “ಅದರ ಅಡೀಲಿ ಉಪ್ಪುಗಾಳಿ ಹೊಕ್ಕಿದ್ರೆ ತುಕ್ಕು ಹಿಡ್ದದ್ದೂ ಗೊತ್ತಾಗೂದಿಲ್ಲ. ಪೇಂಟಾದ್ರೆ ದೋಣಿಗೆ ಹಚ್ಚಿದ ಹಾಗೆ ವರ್ಷವರ್ಷ ಹಚ್ಚಬಹುದು,” ಎನ್ನುತ್ತಿದ್ದಳು. ಎರಡೂ ಸತ್ಯವೇ. ಹೆಂಡತಿಗೆ ಗಾಡಿಯ ಮೇಲೆ ಇಷ್ಟು ಆಸಕ್ತಿ ಎಂದು ತುಳಸಿದಾಸ ಕಾರವಾರದ ಬಂದರಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಮತ್ತೆ ಯೋಚಿಸುತ್ತಿದ್ದ, ಮತ್ತೆ ತುಕ್ಕು ಬರುತ್ತಿತ್ತು, ಮತ್ತೆ ತಿಕ್ಕುತ್ತಿದ್ದ.

“ಬಣ್ಣ ಆದ್ಮೇಲೆ ಇನ್ನೆಂತ ಕೆಲಸ ಅದೆ?” ಎಂದು ಮಾದೇವಿ ಕೇಳಿದಳು.

“ಜೋಡ್ಸೂದು ಅಷ್ಟೇ. ನಾವಿಬ್ರು ಕೂತ್ರೆ ಎಷ್ಟು ಹೊತ್ತು? ಮೊದಲ ಟ್ರಿಪ್ಪು ಗೋವಾಕ್ಕೇ ವೈನಿ,” ಎಂದ ಹುಲಿಯಾ. “ಕಬ್ಬಿಣ ಮಾತ್ರ ಹೀಗೇ ಬೆಳ್ಳಗಿರ್ಬೇಕಂತೆ. ಚೂರು ತುಕ್ಕಿದ್ರೂ ಮಡಗಾಂವಿನ ಕೋಟಿಂಗಿನವ ಒಲೆಗೆ ಹಾಕೂದಿಲ್ಲ.”

ತುಳಸಿದಾಸ ಅಷ್ಟರಲ್ಲಿ ಅಂಗಿ ಹಾಕಿಕೊಂಡು ಹೊರಬಂದ. ತುಕ್ಕು ಹಿಡಿಯದಿರಲೆಂದು ಫ್ರೇಮಿಗೆ ಸವರಿದ್ದ ಡೀಸೆಲ್ಲನ್ನು ಬೆಳಿಗ್ಗೆಯೇ ಸೋಪುನೀರಲ್ಲಿ ತೊಳೆದು ಒರೆಸಿದ್ದ. ಇಬ್ಬರೂ ಹಗ್ಗ ತರಲು ಸೇತುವೆ ದಾಟಿ ಕಾರವಾರಕ್ಕೆ ಹೋದರು.

ಮಾದೇವಿ ಮೀನು ಬಿಟ್ಟ ಉಪ್ಪುನೀರಿನ ಪಾತ್ರೆ ಎತ್ತಿಕೊಂಡು ಫ್ರೇಮಿನ ಉದ್ದಕ್ಕೂ ಸುರಿದಳು. ಸಾಲದೆನಿಸಿ ಇನ್ನೊಂದಿಷ್ಟು ಉಪ್ಪು ಕರಗಿಸಿ ತಂದು ಬಟ್ಟೆಯಲ್ಲಿ ಸಂದುಗೊಂದಿಗೆಲ್ಲ ಸವರಿದಳು. ಗಂಡನ ಬೆವರನ್ನು ಹೀಗೆ ಹಾಳು ಮಾಡುವುದಕ್ಕೆ ಅವಳಿಗೆ ನಾಚಿಕೆಯಾಯಿತು. ಹೆದರಿಕೆ ನಾಚಿಕೆಗಿಂತ ದೊಡ್ಡದಿತ್ತು. ಮೇಲಿಂದ ತಾಡಪತ್ರಿ ಹೊದೆಸಿ ಕೈ ತೊಳೆದುಕೊಂಡಳು. ಇಬ್ಬನಿ ಬೀಳುತ್ತದೆಂದು ಮುಚ್ಚಿದ್ದಾಗಿ ಹೇಳಿದಾಗ ತುಳಸಿದಾಸನಿಗೆ ಬಹಳ ಖುಷಿಯಾಯಿತು.

ಬೆಳಿಗ್ಗೆ ಟೆಂಪೋದ ಎದುರು ಹುಲಿಯಾ ತಾಡಪತ್ರಿ ಎಳೆದ. ಫ್ರೇಮು ಈ ತುದಿಯಿಂದ ಆ ತುದಿಯವರೆಗೆ ಕೆಂಪಗಿತ್ತು.

“ಇದೆಂತ ಮಾರಾಯ, ಒಂದೇ ರಾತ್ರೀಲಿ?”

ತುಳಸಿದಾಸ ಬಗ್ಗಿ ನೋಡಿದ. ಒಂದು ಮೂಲೆಯಲ್ಲಿ ಮೀನಿನ ಹುರುಪೆ ಅಂಟಿತ್ತು. ಉಗುರಿನಿಂದ ಅದನ್ನು ಎಬ್ಬಿಸಿ, ಬೆರಳ ತುದಿಯಲ್ಲಿಟ್ಟು ನೋಡಿದ. ಬಾಗಿಲಲ್ಲಿ ನಿಂತಿದ್ದ ಮಾದೇವಿ ಸೆರಗು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಹುರುಪೆಯನ್ನು ಲುಂಗಿಗೆ ಒರೆಸಿದ.

“ಕಡಲ ಗಾಳಿ,” ಎಂದ.

“ಕಡಲ ಗಾಳಿ ನಮ್ಮನೆಗೂ ಬೀಸ್ತದೆ. ಹೋಗ್ಲಿ, ಇವತ್ತೇ ತಿಕ್ಕಿ ಪೇಂಟ್ ಹೊಡ್ದುಬಿಡ್ವ. ನಾನೂ ಕೈ ಹಾಕ್ತೆ.”

“ಬೇಡ. ಪೇಂಟೋ ಪೌಡರೋ, ಇನ್ನೂ ಸ್ವಲ್ಪ ಯೋಚನೆ ಮಾಡ್ಬೇಕು.”

ಹುಲಿಯಾ ಅವನ ಮುಖ ನೋಡಿದ, ಫ್ರೇಮು ನೋಡಿದ, ಟೆಂಪೋ ಹತ್ತಿ ಹೋದ. ತುಳಸಿದಾಸ ಪಾಲಿಶ್ ಪೇಪರ್ ತಂದು ಫ್ರೇಮಿನ ಪಕ್ಕ ಕೂತು ತಿಕ್ಕತೊಡಗಿದ. ಮಾದೇವಿ ಚಹಾ ತಂದು ಹತ್ತಿರ ಇಟ್ಟಳು. ಬೈಗುಳ ತಿನ್ನಲು ತಯಾರಾಗಿ ಅಲ್ಲೇ ನಿಂತಳು.

ಅವನು ತಲೆಯೆತ್ತದೆ ಕೇಳಿದ: “ಮನೇಲಿ ಉಪ್ಪು ಇನ್ನೆಷ್ಟದೆ?”