ಕಿಟಕಿ ಸರಳಿಗೆ ಸಿಕ್ಕ ಕಿವಿ

ಕಳಮಶ್ಶೇರಿಯ ಆಸ್ಪತ್ರೆಯಲ್ಲಿ ನರ್ಸ್ ನನ್ನ ಹರಿದ ಕಿವಿಗೆ ಸ್ಪಿರಿಟ್ ಹಚ್ಚಿದಳು. ಆ ವಾಸನೆಗೆ ನಾನು ಮತ್ತೆ ಐದು ವರ್ಷದವಳಾದೆ.

ಆಗ ನಮ್ಮ ಮನೆ ತಂಪಾನೂರಿನ ಹತ್ತಿರವಿತ್ತು. ಒಂದು ಮಧ್ಯಾಹ್ನ ಅಮ್ಮನ ತೊಡೆಯ ಮೇಲೆ ಕೂತು ಆಡುತ್ತಿದ್ದವಳು ಅವಳ ಜುಮುಕಿ ಹಿಡಿದು ಜಗ್ಗಿಬಿಟ್ಟೆ. ಕಿವಿಯ ಹಾಲೆ ಸೀಳಿ ಎರಡಾಯಿತು. ಅಮ್ಮ ಕೂಗಲಿಲ್ಲ. ಮೊದಲು ನನ್ನ ಬೆರಳಿನ ರಕ್ತವನ್ನು ಸೆರಗಿನಲ್ಲಿ ಒರೆಸಿದಳು.

ಅಷ್ಟರಲ್ಲಿ ಅಜ್ಜಿ ಬಂದರು. “ಗೌರಿ ಹಬ್ಬ ಎದುರಿಗಿದೆ. ಬೋಳು ಕಿವೀಲಿ ಬಾಗಿನ ಕೊಡ್ತೀಯೇನೇ? ಯಾರು ಮಾಡಿದ್ದು ಇದು?” ಅವರ ಕಣ್ಣು ನನ್ನ ಮೇಲೆಯೇ ಇತ್ತು. ನಾನು ಉಸಿರು ಬಿಗಿಹಿಡಿದೆ.

“ಕಿಟಕಿ ಸರಳಿಗೆ ಸಿಕ್ಕಿಬಿಡ್ತು ಅತ್ತೆ.”

“ಕಣ್ಣು ಎಲ್ಲಿಟ್ಟಿದ್ದೆ?” ಎಂದು ಅಜ್ಜಿ ಬೈದದ್ದನ್ನೆಲ್ಲ ಅಮ್ಮ ತಲೆತಗ್ಗಿಸಿ ಕೇಳಿಸಿಕೊಂಡಳು. ಡಾಕ್ಟರು ಮೂರು ಹೊಲಿಗೆ ಹಾಕಿದರು. ಹಬ್ಬದ ದಿನ ಅಮ್ಮ ಅದೇ ಜುಮುಕಿಯನ್ನು ಕಪ್ಪು ದಾರಕ್ಕೆ ಕಟ್ಟಿ, ಕಿವಿಗೆ ಸುತ್ತಿ ಇಳಿಬಿಟ್ಟುಕೊಂಡು ಬಾಗಿನ ಕೊಟ್ಟಳು.

ಈಗ ನನ್ನ ಕಿವಿ ಹೊಲಿಯುವ ಡಾಕ್ಟರೂ ಹೇಗಾಯಿತೆಂದು ಕೇಳಿದರು. ನನ್ನ ನಾಲ್ಕು ವರ್ಷದ ಮೊಮ್ಮಗಳು, ನನ್ನ ಬಂಗಾರ, ಅವಳಮ್ಮನ ಸೆರಗಿನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಆ ಪುಟ್ಟ ಮುಷ್ಟಿಯಲ್ಲಿ ಎಷ್ಟು ಬಲ ಅಂತೀರಿ!

“ಕಿಟಕಿ ಸರಳಿಗೆ ಸಿಕ್ಕಿಬಿಡ್ತು,” ಎಂದೆ.

“ಅಮ್ಮಾ, ಕಾಕ್ಕನಾಡಿನ ನಮ್ಮ ಫ್ಲ್ಯಾಟಿನಲ್ಲಿ ಸರಳಿರೋ ಕಿಟಕಿ ಎಲ್ಲಿದೆ?” ಎಂದು ಮಗಳು ನಕ್ಕಳು.

ಮೊಮ್ಮಗಳು ಮಾತ್ರ ಬಿಗಿಹಿಡಿದಿದ್ದ ಉಸಿರನ್ನು ಮೆಲ್ಲನೆ ಬಿಟ್ಟಳು.